ಬಾಗಿಲು ತೆರೆಯುವ ಚಿತ್ರಗಳು

ಚಿತ್ರಗಳಲ್ಲಿ ಎರಡು ಬಗೆಯುಂಟು. ಗೋಡೆಗೆ ತೂಗುಹಾಕಿ ನೋಡತಕ್ಕವು ಒಂದು ಬಗೆ. ಒಳಹೊಕ್ಕು ನಡೆದಾಡತಕ್ಕವು ಮತ್ತೊಂದು ಬಗೆ. ಮೊದಲನೆಯವನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಎರಡನೆಯವು ಕಂಪ್ಯೂಟರಿನ ತೆರೆಯ ಮೇಲೆ ಕಾಣಬರುವಂಥವು. ಅಲ್ಲಿ ಬರೆದ ಬಾಗಿಲು ತೆರೆಯುವುದು. ಬರೆದ ದೀಪ ಹೊತ್ತಿಕೊಳ್ಳುವುದು. ಬರೆದ ಬೀಗದ ಕೈಯನ್ನು ಎತ್ತಿ ಚೀಲದಲ್ಲಿಟ್ಟುಕೊಳ್ಳಬಹುದು. ಇಂತಹ ಚಿತ್ರಗಳನ್ನು ಬರೆಯುವುದಕ್ಕೆ ಕೈಚಳಕದೊಂದಿಗೆ ಬೇರೊಂದು ವಿಧದ ವಿವೇಚನೆಯೂ ಬೇಕಾಗುವುದು. ಆ ವಿಷಯವನ್ನು ಗೃಹಸ್ಥ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಚಿತ್ರಗಳು ಸೇರಿ ಆಗುವ ಆಟಕ್ಕೆ 'ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್' ಎಂದು ಹೆಸರು. ನಾವು ಅದನ್ನು ಸಾಹಸದಾಟವೆಂದು ಕರೆಯೋಣ. ತೆರೆಯ ಮೇಲೆ ಒಂದು ಕೋಣೆ; ಕೋಣೆಯಲ್ಲಿ ಕಥಾನಾಯಕ ನಿಂತಿರುವನು. ಮೌಸಿನ ಬಾಣವನ್ನು ಬಾಗಿಲ ಮೇಲಿಟ್ಟು ಒತ್ತಿದರೆ ಅವನು ಬಾಗಿಲ ಬಳಿಗೆ ನಡೆಯುವನು. ಬೀಗ ಬಿದ್ದಿದ್ದರೆ ಹಾಗೆಂದು ಹೇಳುವನು. ಆಗ ಆಡುವವನು ಬೀಗದ ಕೈಯನ್ನು ಹುಡುಕಬೇಕು. ಅದು ಹೂಕುಂಡದ ಕೆಳಗಿರಬಹುದು, ಪಕ್ಕದ ಮನೆಯ ಅಜ್ಜಿಯ ಸೊಂಟದಲ್ಲಿರಬಹುದು. ಕೈಯ ವೇಗಕ್ಕೆ ಇಲ್ಲಿ ಬೆಲೆಯಿಲ್ಲ. ನೋಟಕ್ಕೂ ಯೋಚನೆಗೂ ಬೆಲೆಯುಂಟು.

ಇದು ಮಕ್ಕಳಾಟ, ಗೃಹಸ್ಥರಿಗೆ ಇದರಿಂದೇನು ಎಂಬ ಶಂಕೆ ಕೆಲವರಲ್ಲಿ ಏಳಬಹುದು. ಆಟವನ್ನು ಆಡುವವರು ಬೇರೆ, ಕಟ್ಟುವವರು ಬೇರೆ. ಓದು ಉದ್ಯೋಗಗಳು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ತಾವೇ ಕಥೆ ಹೆಣೆದು, ತಾವೇ ಚಿತ್ರ ಬರೆದು, ಇಂತಹ ಆಟಗಳನ್ನು ಕಟ್ಟುವ ಹವ್ಯಾಸಿಗಳು ಅನೇಕ ದೇಶಗಳಲ್ಲಿ ಇದ್ದಾರೆ. ಹೊರನೋಟಕ್ಕೆ ಆಡುವವನೂ ಕಟ್ಟುವವನೂ ತೆರೆಯ ಮುಂದೆ ಕುಳಿತವರೇ. ಆದುದರಿಂದ ಮನೆಯ ಹಿರಿಯರು ಗದರುವುದಕ್ಕೆ ಮೊದಲು, ಕಿರಿಯರು ಕೆಲಸಕ್ಕೆ ಕೈಹಾಕುವುದಕ್ಕೆ ಮೊದಲು, ಆ ಕೆಲಸದ ಸ್ವರೂಪವನ್ನು ಅರಿತಿರುವುದು ಒಳ್ಳೆಯದು. ಹವ್ಯಾಸಿಗಳು ಆರಂಭಿಸಿದ ಆಟಗಳಲ್ಲಿ ಎಷ್ಟೋ ಅರ್ಧದಲ್ಲಿ ನಿಂತುಹೋಗುವುವು. ಹಾಗೆ ನಿಲ್ಲಿಸುವುದು ಬಹುಮಟ್ಟಿಗೆ ಚಿತ್ರಗಳ ಹೊರೆಯೇ. ಅಳತೆಯನ್ನು ಅರಿತು ಬರೆದವನು ಮುಗಿಸುವನು. ಅಂದವನ್ನೊಂದನ್ನೇ ನೋಡಿ ಬರೆದವನು ಬಳಲುವನು. ನಮ್ಮ ಲೇಖನದ ಸಾರವೆಲ್ಲ ಇಷ್ಟೇ.

ಅಡಿಗೆಮನೆಯ ಮೇಜಿನಿಂದ

ಈ ಕಲೆಯ ಹುಟ್ಟೇ ಒಂದು ಮನೆಯಲ್ಲಿ ಆಯಿತೆಂಬುದು ಗೃಹಸ್ಥರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಅದುವರೆಗೆ ಕಂಪ್ಯೂಟರಿನ ಸಾಹಸದಾಟಗಳು ಬಹುತರ ಬರಿಯ ಬರಹದಲ್ಲಿದ್ದವು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ರಾಬರ್ಟಾ ವಿಲಿಯಮ್ಸ್ ಎಂಬಾಕೆ, ಎರಡು ಮಕ್ಕಳ ತಾಯಿ, ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಒಂದು ಕೊಲೆಯ ರಹಸ್ಯದ ಆಟವನ್ನು ಯೋಚಿಸಿದರು. ಅದಕ್ಕೆ ಚಿತ್ರಗಳಿರಬೇಕೆಂಬುದು ಅವರ ಹಟ. ಚಿತ್ರವಿದ್ಯೆಯನ್ನು ಕಲಿತವರಲ್ಲ, ಆದರೂ ತಾವೇ ಸುಮಾರು ೭೦ ಚಿತ್ರಗಳನ್ನು ಬರೆದರು. ಕಪ್ಪು ತೆರೆಯ ಮೇಲೆ ಬಿಳಿಯ ಗೆರೆಗಳು. ಮನುಷ್ಯರು ಕಡ್ಡಿಯ ಬೊಂಬೆಗಳಂತೆ. ಪತಿ ಕೆನ್ ವಿಲಿಯಮ್ಸ್ ಅವನ್ನು ಯಂತ್ರಕ್ಕೆ ಅಳವಡಿಸಿದರು. ಆ ಕಾಲದ ತಟ್ಟೆಗಳಲ್ಲಿ ಅಷ್ಟು ಚಿತ್ರಗಳಿಗೆ ಸ್ಥಳವಿಲ್ಲದುದರಿಂದ, ಚಿತ್ರವನ್ನೇ ಶೇಖರಿಸದೆ, ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಸೂಚನೆಗಳನ್ನು ಮಾತ್ರ ಶೇಖರಿಸಿದರು. ೧೯೮೦ರಲ್ಲಿ ಆಪಲ್ ೨ ಯಂತ್ರಕ್ಕಾಗಿ ಹೊರಬಂದ ಆ ಆಟವೇ 'ಮಿಸ್ಟರಿ ಹೌಸ್'. ಇಂದು ಅದನ್ನು ನೋಡಿದರೆ ಚಿತ್ರಗಳು ಒಡ್ಡೊಡ್ಡಾಗಿ ಕಾಣುವುವು. ಆದರೆ ಅವು ಮುಗಿದ ಚಿತ್ರಗಳು. ಮುಗಿದುದರಿಂದಲೇ ಅವುಗಳ ಹಿಂದೆ ಒಂದು ದೊಡ್ಡ ಉದ್ಯಮವೇ ಬೆಳೆಯಿತು.

ಅದೇ ದಂಪತಿಗಳ ಸಂಸ್ಥೆ ೧೯೮೪ರಲ್ಲಿ ಹೊರತಂದ 'ಕಿಂಗ್ಸ್ ಕ್ವೆಸ್ಟ್' ಆಟದಲ್ಲಿ ನಾಯಕನು ಚಿತ್ರದೊಳಗೆ ನಡೆದಾಡಿದನು. ಮರದ ಹಿಂದೆ ಹೋದರೆ ಮರೆಯಾದನು, ಮುಂದೆ ಬಂದರೆ ಕಾಣಿಸಿದನು. ಆಜ್ಞೆಗಳನ್ನು ಅಕ್ಷರ ಒತ್ತಿ ಬರೆಯುವ ತೊಡಕನ್ನು ಕಳೆದ ಆಟಗಳಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಎಂಬವರು ೧೯೮೭ರಲ್ಲಿ ರಚಿಸಿದ 'ಮೇನಿಯಾಕ್ ಮ್ಯಾನ್ಶನ್' ಮುಖ್ಯವಾದುದು. 'ತೆರೆ', 'ಎತ್ತಿಕೋ', 'ನೂಕು' ಮುಂತಾದ ಕ್ರಿಯಾಪದಗಳು ತೆರೆಯ ಕೆಳಭಾಗದಲ್ಲೇ ಇದ್ದವು. ಪದವನ್ನು ಒತ್ತಿ, ಅನಂತರ ವಸ್ತುವನ್ನು ಒತ್ತಿದರೆ ಸಾಕು. ಅಂದಿನಿಂದ ಚಿತ್ರದ ಜವಾಬ್ದಾರಿ ಇಮ್ಮಡಿಯಾಯಿತು. ಬರಹವು ಹೇಳುತ್ತಿದ್ದುದನ್ನೆಲ್ಲ ಚಿತ್ರವೇ ಹೇಳಬೇಕಾಯಿತು.

ಒಂದು ಕೋಣೆ, ನಾಲ್ಕು ಚಿತ್ರ

ದೊಡ್ಡ ಸಂಸ್ಥೆಗಳ ಈ ವಿದ್ಯೆಯನ್ನು ಹವ್ಯಾಸಿಗಳ ಕೈಗೆ ತಂದ ಉಪಕರಣಗಳಲ್ಲಿ 'ಅಡ್ವೆಂಚರ್ ಗೇಮ್ ಸ್ಟುಡಿಯೊ' ಎಂಬುದು ಪ್ರಸಿದ್ಧವಾದುದು. ಕ್ರಿಸ್ ಜೋನ್ಸ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ಅದರ ಮೊದಲ ರೂಪವನ್ನು ೧೯೯೭ರಲ್ಲಿ ಹೊರತಂದರು. ೨೦೧೦-೧೧ರಲ್ಲಿ ಅದರ ಮೂಲಲೇಖವನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೆ ಬೆಲೆಯಿಲ್ಲ. ಅದರಲ್ಲಿ ಕೋಣೆಯೊಂದನ್ನು ಸಿದ್ಧಪಡಿಸುವ ಕ್ರಮವನ್ನು ತಿಳಿದರೆ ಸಾಹಸದಾಟದ ಚಿತ್ರವು ಇತರ ಚಿತ್ರಗಳಿಗಿಂತ ಯಾವ ವಿಧದಲ್ಲಿ ಬೇರೆ ಎಂಬುದು ಸ್ಪಷ್ಟವಾಗುವುದು.

ಕೋಣೆಯೆಂದು ನಮ್ಮ ಕಣ್ಣಿಗೆ ಬೀಳುವುದು ಒಂದೇ ಚಿತ್ರ. ಅದರ ಹಿಂದೆ, ಆಡುವವನಿಗೆ ಕಾಣದಂತೆ, ಮುಖ್ಯವಾಗಿ ಅದೇ ಅಳತೆಯ ಇನ್ನೂ ಮೂರು ಚಿತ್ರಗಳಿರುವುವು. ನಾಯಕನು ಎಲ್ಲೆಲ್ಲಿ ಕಾಲಿಡಬಹುದೋ ಆ ನೆಲವನ್ನು ಬಣ್ಣ ತುಂಬಿ ಗುರುತು ಮಾಡಿರುವುದು ಒಂದು. ಕಿಟಕಿ, ಕಪಾಟು, ದೇವರ ಪಟ ಇವುಗಳಲ್ಲಿ ಯಾವುದನ್ನು ಒತ್ತಿದರೆ ಯಾವ ಉತ್ತರ ಬರಬೇಕೆಂಬುದಕ್ಕಾಗಿ ಒಂದೊಂದು ವಸ್ತುವಿನ ಮೇಲೂ ಒಂದೊಂದು ಬಣ್ಣ ಬಳಿದಿರುವುದು ಎರಡನೆಯದು. ನಾಯಕನನ್ನು ಮರೆಮಾಡತಕ್ಕ ವಸ್ತುಗಳನ್ನು ಗುರುತಿಸುವುದು ಮೂರನೆಯದು.

ಈ ಮೂರನೆಯದನ್ನು ಸ್ವಲ್ಪ ವಿವರಿಸಬೇಕು. ಕೋಣೆಯ ನಡುವೆ ಒಂದು ಮೇಜಿದೆ ಎಂದಿಟ್ಟುಕೊಳ್ಳೋಣ. ನಾಯಕನು ಅದರ ಹಿಂದೆ ನಿಂತರೆ ಸೊಂಟದವರೆಗೆ ಮರೆಯಾಗಬೇಕು. ಮುಂದೆ ನಿಂತರೆ ಮೇಜನ್ನು ಅವನೇ ಮರೆಮಾಡಬೇಕು. ಯಂತ್ರಕ್ಕೆ ಹಿಂದು ಮುಂದು ತಿಳಿಯದು. ಆದುದರಿಂದ ಚಿತ್ರಕಾರನು ಮೇಜಿನ ಕಾಲುಗಳು ನೆಲವನ್ನು ಮುಟ್ಟುವ ಎತ್ತರದಲ್ಲಿ ಒಂದು ಅಡ್ಡಗೆರೆಯನ್ನು ಗೊತ್ತುಮಾಡುವನು. ನಾಯಕನ ಪಾದ ಆ ಗೆರೆಗಿಂತ ಮೇಲಿದ್ದರೆ ಅವನು ಹಿಂದೆ ಇದ್ದಾನೆ. ಕೆಳಗಿದ್ದರೆ ಮುಂದೆ ಇದ್ದಾನೆ. ಇಷ್ಟೇ ಸೂತ್ರ. ಆದರೆ ಮೇಜನ್ನು ಓರೆಯಾಗಿ ಕೋಣೆಯುದ್ದಕ್ಕೂ ಬರೆದಿದ್ದರೆ ಒಂದು ಅಡ್ಡಗೆರೆ ಸಾಲದೆ ನಾಯಕನು ಮೇಜಿನ ಮರದೊಳಗೇ ನಡೆದಂತೆ ಕಾಣುವನು. ಬಲ್ಲವರು ಆದುದರಿಂದ ಬಣ್ಣ ತುಂಬುವುದಕ್ಕೆ ಮೊದಲೇ ಪೆನ್ಸಿಲಿನ ಕರಡಿನಲ್ಲಿ ಈ ಗೆರೆಗಳನ್ನು ಹಾಕಿ ನೋಡುವರು.

ಇನ್ನೊಂದು ನಿಯಮವುಂಟು. ಕದಲತಕ್ಕ ವಸ್ತುವನ್ನು ಕೋಣೆಯ ಚಿತ್ರದಲ್ಲಿ ಸೇರಿಸಿ ಬರೆಯಕೂಡದು. ಮೇಜಿನ ಮೇಲಣ ಬೀಗದ ಕೈಯನ್ನು ಚಿತ್ರದೊಂದಿಗೇ ಬರೆದುಬಿಟ್ಟರೆ, ನಾಯಕನು ಅದನ್ನು ಎತ್ತಿಕೊಂಡ ಮೇಲೂ ಅದು ಅಲ್ಲೇ ಉಳಿಯುವುದು. ಕೈಯನ್ನು ಬೇರೆ, ಬರಿದಾದ ಮೇಜನ್ನು ಬೇರೆ ಬರೆಯಬೇಕು. ಮುಚ್ಚಿದ ಬಾಗಿಲೊಂದು, ತೆರೆದ ಬಾಗಿಲೊಂದು. ಆರಿದ ದೀಪವೊಂದು, ಹೊತ್ತಿದ ದೀಪವೊಂದು. ದೀಪ ಹೊತ್ತಿದಾಗ ಗೋಡೆಯ ನೆರಳೂ ಬದಲಾಗಬೇಕೆಂದರೆ ಇಡೀ ಕೋಣೆಯನ್ನೇ ಮತ್ತೊಮ್ಮೆ ಬರೆಯಬೇಕಾಗುವುದು. ಕಥೆಯಲ್ಲಿ 'ಅವನು ದೀಪ ಹಚ್ಚಿದನು' ಎಂಬ ಎರಡು ಮಾತು ಬರೆಯಲು ಕ್ಷಣವೂ ಬೇಡ. ಅದೇ ಮಾತು ಚಿತ್ರಕಾರನಿಗೆ ಮೂರು ಸಂಜೆಗಳ ಕೆಲಸ.

ಚಿತ್ರದ ಪ್ರಾಮಾಣಿಕತೆ

ಸಾಹಸದಾಟದ ಚಿತ್ರವು ಆಡುವವನಿಗೆ ಸದಾ ಒಂದು ಪ್ರಶ್ನೆಯನ್ನು ಕೇಳುತ್ತಿರುವುದು. ಪ್ರಶ್ನೆ ಕಠಿಣವಾಗಿರಬಹುದು, ಮೋಸವಾಗಿರಬಾರದು. ಬೀಗದ ಕೈಯನ್ನು ಎಲ್ಲಿ ಬಳಸಬೇಕೆಂದು ಆಡುವವನು ತಲೆ ಕೆರೆದುಕೊಳ್ಳಲಿ. ಅದು ನ್ಯಾಯವಾದ ಕಷ್ಟ. ಆದರೆ ಕಂದು ನೆಲದ ಮೇಲೆ ಕಂದು ಬಣ್ಣದ ಕೈಯನ್ನು ನಾಲ್ಕೇ ಚುಕ್ಕೆಗಳಲ್ಲಿ ಬರೆದು, ಅದು ಕಾಣದೆ ಅವನು ಗಂಟೆಗಟ್ಟಲೆ ಮೌಸನ್ನು ತೆರೆಯ ಮೇಲೆಲ್ಲ ಉಜ್ಜುವಂತೆ ಮಾಡಿದರೆ ಅದು ಅನ್ಯಾಯ. ಆಡುವವರು ಇದನ್ನು 'ಪಿಕ್ಸೆಲ್ ಬೇಟೆ' ಎಂದು ಹಳಿಯುವರು. ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಕೋಣೆಯೆಲ್ಲ ಮಸುಕಾಗಿದ್ದು ಎತ್ತಿಕೊಳ್ಳತಕ್ಕ ವಸ್ತುವೊಂದೇ ಹೊಸ ಬಣ್ಣ ಬಳಿದಂತೆ ಮಿನುಗಿದರೆ, ನೋಡಿದೊಡನೆಯೇ ಗುಟ್ಟು ಬಯಲಾಗುವುದು.

ಈ ಎರಡರ ನಡುವಣ ದಾರಿ ಯಾವುದು? ಬೆಳಕಿನ ಜೋಡಣೆಯೇ. ಕಣ್ಣು ಮೊದಲು ಹೋಗುವುದು ಕತ್ತಲೆ ಬೆಳಕುಗಳು ಹತ್ತಿರ ಹತ್ತಿರ ಸೇರುವ ಜಾಗಕ್ಕೆ. ಹೊರಗೆ ಹೋಗುವ ಬಾಗಿಲಿನಿಂದ ನೆಲದ ಮೇಲೆ ಒಂದು ಬಿಸಿಲಿನ ಪಟ್ಟಿ ಬಿದ್ದಿದ್ದರೆ 'ಇಲ್ಲಿ ದಾರಿಯಿದೆ' ಎಂದು ಬರೆಯಬೇಕಾದುದಿಲ್ಲ. ಕಪಾಟಿನ ಬಾಗಿಲು ಒಂದಂಗುಲ ತೆರೆದಿದ್ದರೆ ಅದರೊಳಗೆ ನೋಡಬೇಕೆಂದು ಆಡುವವನಿಗೆ ತಾನಾಗಿಯೇ ತೋಚುವುದು. ಬರೆದ ಚಿತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಸುಲಭೋಪಾಯ ಒಂದುಂಟು. ಚಿತ್ರದ ಬಣ್ಣವನ್ನೆಲ್ಲ ತೆಗೆದು ಬೂದಿಯ ಛಾಯೆಗೆ ತಿರುಗಿಸಿ, ಹೆಬ್ಬೆರಳಿನಷ್ಟು ಕಿರಿದುಮಾಡಿ ನೋಡಬೇಕು. ಆಗಲೂ ಬಾಗಿಲು ಬಾಗಿಲಾಗಿ, ನೆಲ ನೆಲವಾಗಿ ಕಂಡರೆ ಚಿತ್ರ ಗಟ್ಟಿಯಾಗಿದೆಯೆಂದು ತಿಳಿಯಬಹುದು. ಅನಂತರ ಮನೆಯವರಲ್ಲಿ ಒಬ್ಬರನ್ನು ಕರೆದು, ಏನೂ ಹೇಳದೆ, 'ಇಲ್ಲಿ ಏನೇನಿದೆ?' ಎಂದು ಕೇಳಬೇಕು. ಅವರು ಹೇಳದೆ ಬಿಟ್ಟ ವಸ್ತುವನ್ನು ಆಡುವವನೂ ಕಾಣಲಾರನು.

ಎಳೆಯೆಣಿಸುವ ವಿದ್ಯೆ

ಹಳೆಯ ಆಟಗಳ ತೆರೆಯಲ್ಲಿ ಅಡ್ಡಕ್ಕೆ ೩೨೦, ಉದ್ದಕ್ಕೆ ೨೦೦ ಚುಕ್ಕೆಗಳಿದ್ದವು. ಅಂದರೆ ಒಟ್ಟು ೬೪,೦೦೦. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ೧೯೨೦ಕ್ಕೆ ೧೦೮೦ರ ತೆರೆಯಲ್ಲಿ ಇಪ್ಪತ್ತು ಲಕ್ಷಕ್ಕಿಂತಲೂ ಹೆಚ್ಚು. ಹೀಗಿದ್ದರೂ ಅನೇಕ ಹವ್ಯಾಸಿಗಳು ಬೇಕೆಂದೇ ಹಳೆಯ ಅಳತೆಯಲ್ಲಿ ಬರೆಯುವರು. ಇದಕ್ಕೆ ಹಳತಿನ ಮೇಲಣ ಮೋಹ ಒಂದು ಕಾರಣ. ಕೆಲಸದ ಮಿತಿ ಇನ್ನೊಂದು ಕಾರಣ. ಅಷ್ಟು ಕಡಮೆ ಚುಕ್ಕೆಗಳಲ್ಲಿ ಮುಖದ ಮೂಗಿಗೆ ಎರಡು ಚುಕ್ಕೆ ಸಿಕ್ಕಿದರೆ ಹೆಚ್ಚು. ಆ ಎರಡನ್ನು ಎಲ್ಲಿಡಬೇಕೆಂಬುದೇ ಕಲೆ.

ನಮ್ಮ ಧಾರವಾಡದ ಕಡೆಯ ಕಸೂತಿಯನ್ನು ಬಲ್ಲ ಹೆಣ್ಣುಮಕ್ಕಳಿಗೆ ಈ ಮಾತು ಬೇಗ ಅರ್ಥವಾಗುವುದು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ನಕ್ಷೆ ಬರೆಯುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಆನೆಗಳನ್ನು ಮೂಡಿಸುವರು. ಎಳೆ ತಪ್ಪಿದರೆ ಆನೆಯ ಸೊಂಡಿಲೇ ವಕ್ರವಾಗುವುದು. ಚುಕ್ಕೆಗಳಲ್ಲಿ ಬರೆಯುವ ಚಿತ್ರದ ನಿಯಮವೂ ಇದೇ. ಬಾಗಿದ ಗೆರೆಯನ್ನು ಮೂರು ಚುಕ್ಕೆ, ಎರಡು ಚುಕ್ಕೆ, ಒಂದು ಚುಕ್ಕೆ ಎಂಬ ಕ್ರಮದಲ್ಲಿ ಇಳಿಸಿದರೆ ಅದು ನಯವಾಗಿ ಕಾಣುವುದು. ಮೂರು, ಒಂದು, ಎರಡು ಎಂದು ಇಟ್ಟರೆ ಮೂಳೆ ಮುರಿದಂತೆ ಕಾಣುವುದು.

ಬಣ್ಣದ ಬಡತನವೂ ಕೆಲವು ವೇಳೆ ಗುರುವಾಗುವುದು. ೧೯೯೦ರ 'ಲೂಮ್' ಎಂಬ ಆಟವನ್ನು ಬರೆದಾಗ ಬಹುತರ ಯಂತ್ರಗಳಲ್ಲಿ ದೊರೆಯುತ್ತಿದ್ದುದು ೧೬ ಬಣ್ಣಗಳು ಮಾತ್ರ, ಅವೂ ಕಣ್ಣು ಚುಚ್ಚುವಂಥವು. ಮಾರ್ಕ್ ಫೆರಾರಿ ಎಂಬ ಚಿತ್ರಕಾರರು ಎರಡು ಬಣ್ಣಗಳ ಚುಕ್ಕೆಗಳನ್ನು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಇಟ್ಟು, ದೂರದಿಂದ ನೋಡುವ ಕಣ್ಣಿಗೆ ಮೂರನೆಯದೊಂದು ಮೃದುವಾದ ಬಣ್ಣ ತೋರುವಂತೆ ಮಾಡಿದರು. ಹದಿನಾರೇ ಬಣ್ಣಗಳಲ್ಲಿ ಮುಸ್ಸಂಜೆಯ ಆಕಾಶ ಮೂಡಿತು. ಹವ್ಯಾಸಿಗಳು ಇದರಿಂದ ಕಲಿಯತಕ್ಕದ್ದು ಒಂದುಂಟು. ಯಂತ್ರವು ಇಂದು ಕೋಟಿ ಬಣ್ಣಗಳನ್ನು ಕೊಟ್ಟರೂ, ಆರಂಭದಲ್ಲಿಯೇ ಇಪ್ಪತ್ತೋ ಮೂವತ್ತೋ ಬಣ್ಣಗಳನ್ನು ಆರಿಸಿ, ಎಲ್ಲ ಕೋಣೆಗಳಿಗೂ ಅವನ್ನೇ ಬಳಸಿದರೆ, ಬೇರೆ ಬೇರೆ ತಿಂಗಳಲ್ಲಿ ಬರೆದ ಚಿತ್ರಗಳೂ ಒಂದೇ ಮನೆಯ ಮಕ್ಕಳಂತೆ ಕಾಣುವುವು.

ನಡೆಯುವ ಬೊಂಬೆ

ಕೋಣೆಗಿಂತಲೂ ಹೆಚ್ಚು ತಾಳ್ಮೆಯನ್ನು ಬೇಡುವುದು ಪಾತ್ರ. ನಾಯಕನು ಒಂದು ಹೆಜ್ಜೆ ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಎಂಟು ಚಿತ್ರಗಳಾದರೂ ಕಣ್ಣ ಮುಂದೆ ಸಾಗಿದರೆ ನಡಗೆ ಸಹಜವೆನಿಸುವುದು. ಎದುರಿಗೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ ಎಂದು ನಾಲ್ಕು ದಿಕ್ಕುಗಳಿಗೆ ಸೇರಿ ೩೨ ಚಿತ್ರಗಳಾದವು. ಎಡಗಡೆಯ ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿ ಬಲಗಡೆಗೆ ಬಳಸಿದರೆ ೨೪ರಲ್ಲಿ ಮುಗಿಯುವುದು. ಆದರೆ ನಾಯಕನ ಎಡಗೈಯಲ್ಲಿ ಗಡಿಯಾರವನ್ನೋ, ಒಂದು ಹೆಗಲಿಗೆ ಚೀಲವನ್ನೋ ಬರೆದಿದ್ದರೆ ಅವನು ತಿರುಗಿದಾಗಲೆಲ್ಲ ಅದು ಇನ್ನೊಂದು ಕೈಗೆ ಹಾರುವುದು. ಆದುದರಿಂದ ಜಾಣರು ಎರಡು ಪಕ್ಕವೂ ಒಂದೇ ರೀತಿಯಾಗಿರುವ ಉಡುಪನ್ನು ತೊಡಿಸುವರು. ಉಡುಪಿನ ಈ ಒಂದು ನಿರ್ಧಾರದಿಂದ ಎಂಟು ಚಿತ್ರಗಳ ಶ್ರಮ ಉಳಿಯುವುದು.

ಪಾತ್ರವು ಮೊದಲು ಆಕಾರದಿಂದಲೇ ಗುರುತಾಗಬೇಕು. 'ಮೇನಿಯಾಕ್ ಮ್ಯಾನ್ಶನ್' ಆಟದ ಪಾತ್ರಗಳಿಗೆ ದೇಹಕ್ಕೆ ಮೀರಿದ ದೊಡ್ಡ ತಲೆಗಳನ್ನಿಟ್ಟರು. ಅಷ್ಟು ಕಡಮೆ ಚುಕ್ಕೆಗಳಲ್ಲಿ ಮುಖ ಮುಖವೆಂದು ತಿಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ. ನಮ್ಮ ತೊಗಲುಗೊಂಬೆಯ ಕಲಾವಿದರು ಈ ತತ್ತ್ವವನ್ನು ಹಿಂದಿನಿಂದಲೂ ಬಲ್ಲರು. ತೆರೆಯ ಮೇಲೆ ಮೂಡಿದ ಒಂದು ಕ್ಷಣದಲ್ಲಿಯೇ ಇವನು ಹನುಮಂತ, ಇವನು ರಾವಣ ಎಂದು ಹಿಂದೆ ಕುಳಿತವರಿಗೂ ತಿಳಿಯುವುದು. ಬೊಂಬೆಯ ಕೈಕಾಲುಗಳನ್ನು ಬೇರೆ ಬೇರೆ ಕತ್ತರಿಸಿ ಕೀಲಿನಲ್ಲಿ ಜೋಡಿಸುವ ಅವರ ಉಪಾಯವನ್ನೂ ಇಂದಿನ ಹವ್ಯಾಸಿಗಳು ಬಳಸಬಹುದು. ಪ್ರತಿಯೊಂದು ಭಂಗಿಯನ್ನೂ ಹೊಸದಾಗಿ ಬರೆಯದೆ, ತೋಳು ತೊಡೆಗಳನ್ನು ಬೇರೆ ಬೇರೆ ಬರೆದು ತಿರುಗಿಸುತ್ತ ಹೋದರೆ ಶ್ರಮ ಬಹಳ ಕಡಮೆಯಾಗುವುದು.

ಪಾತ್ರ ಚಿತ್ರಣದ ವಿಷಯದಲ್ಲಿ ಒಂದು ವಿನೋದದ ಸಂಗತಿ ಪ್ರಚಾರದಲ್ಲಿದೆ. ೧೯೯೦ರ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಆಟವನ್ನು ರಚಿಸುವಾಗ ನಾಯಕನಿಗೆ ಹೆಸರೇ ಗೊತ್ತಾಗಿರಲಿಲ್ಲವಂತೆ. ಅವರು ಬಳಸುತ್ತಿದ್ದ 'ಡಿಲಕ್ಸ್ ಪೇಂಟ್' ಎಂಬ ಉಪಕರಣದಲ್ಲಿ ಕತ್ತರಿಸಿ ತೆಗೆದ ಚಿತ್ರದ ತುಣುಕಿಗೆ 'ಬ್ರಷ್' ಎನ್ನುತ್ತಿದ್ದರು. ನಾಯಕನನ್ನು ಸುಮ್ಮನೆ 'ಗೈ', ಎಂದರೆ 'ಆ ಮನುಷ್ಯ', ಎಂದು ಕರೆಯುತ್ತಿದ್ದರು. ಎರಡೂ ಸೇರಿ ಕಡತಕ್ಕೆ 'ಗೈಬ್ರಷ್' ಎಂಬ ಹೆಸರು ಬಿದ್ದು, ಕೊನೆಗೆ ಅದೇ ನಾಯಕನ ಹೆಸರಾಗಿ ಉಳಿಯಿತು. ಕಥೆಗಾರನಿಗಿಂತ ಮೊದಲು ಚಿತ್ರಕಾರನ ಪೆಟ್ಟಿಗೆಯಲ್ಲಿ ನಾಮಕರಣವಾದ ನಾಯಕನಿವನು.

ಬರೆಯಲಾರದವರು ಏನು ಮಾಡಬೇಕು?

'ನಮಗೆ ಗೆರೆ ಎಳೆಯಲು ಬಾರದು' ಎನ್ನುವವರಿಗೂ ದಾರಿಯುಂಟು. ೧೯೯೬ರ 'ದಿ ನೆವರ್‌ಹುಡ್' ಎಂಬ ಆಟದ ಜಗತ್ತೆಲ್ಲವೂ ಜೇಡಿಯದು; ಪಾತ್ರಗಳನ್ನು ಕೈಯಿಂದ ಮಿದ್ದಿ, ಒಂದೊಂದು ಭಂಗಿಯನ್ನೂ ಚಿತ್ರ ಹಿಡಿದು ಮಾಡಿದುದು. ಸ್ವೀಡನ್ನಿನ ಇಬ್ಬರು ಗೆಳೆಯರು ರಟ್ಟು ಮತ್ತು ಜೇಡಿಯಿಂದ ಮನೆಗಳನ್ನು ಕಟ್ಟಿ 'ದಿ ಡ್ರೀಮ್ ಮೆಷೀನ್' ಎಂಬ ಆಟವನ್ನು ಭಾಗ ಭಾಗವಾಗಿ ಹೊರತಂದರು. ಮೊದಲ ಭಾಗಗಳು ೨೦೧೦ರಲ್ಲಿ, ಕೊನೆಯದು ೨೦೧೭ರಲ್ಲಿ. ೨೦೧೪ರ 'ಲ್ಯೂಮಿನೊ ಸಿಟಿ' ಎಂಬ ಆಟದ ಪಟ್ಟಣವನ್ನು ಲಂಡನ್ನಿನವರು ಕಾಗದ, ರಟ್ಟು, ಸಣ್ಣ ದೀಪ, ಸಣ್ಣ ಮೋಟಾರುಗಳಿಂದ ನಿಜವಾಗಿಯೇ ಕಟ್ಟಿ ನಿಲ್ಲಿಸಿದರು. ೨೦೦೩ರಲ್ಲಿ ಪ್ರಾಗ್ ನಗರದ ಕಲಾಶಾಲೆಯ ವಿದ್ಯಾರ್ಥಿ ಯಾಕುಬ್ ದ್ವೋರ್ಸ್ಕಿ ತಮ್ಮ ವ್ಯಾಸಂಗದ ಕೊನೆಯ ಕೃತಿಯಾಗಿ ರಚಿಸಿದ 'ಸಮೊರೋಸ್ತ್' ಎಂಬ ಕಿರಿಯ ಆಟದಲ್ಲಿ ಮರದ ಬೇರು, ಹಾವಸೆಗಳ ಛಾಯಾಚಿತ್ರಗಳೇ ಬೇರೊಂದು ಲೋಕವಾದುವು. ಆ ಬಳಗವೇ ಮುಂದೆ ೨೦೦೯ರಲ್ಲಿ 'ಮಷಿನಾರಿಯಮ್' ಎಂಬ ಪ್ರಸಿದ್ಧವಾದ ಆಟವನ್ನು ರಚಿಸಿತು. ಅದರ ಪಾತ್ರಗಳು ಮಾತನ್ನೇ ಆಡದೆ ಚಿತ್ರಗಳಲ್ಲಿಯೇ ಸಂಭಾಷಿಸುವುವು.

ಗಣೇಶನ ಹಬ್ಬಕ್ಕೆ ಮಣ್ಣಿನ ಮೂರ್ತಿ ಮಾಡಬಲ್ಲ ಕೈ, ದಸರೆಗೆ ಬೊಂಬೆಗಳ ಮೆಟ್ಟಿಲು ಜೋಡಿಸಬಲ್ಲ ಕೈ, ಈ ಕೆಲಸವನ್ನೂ ಮಾಡಬಲ್ಲುದು. ಯಾವ ರೀತಿಯನ್ನು ಹಿಡಿದರೂ ಆದಿಯಿಂದ ಅಂತ್ಯದವರೆಗೆ ಅದನ್ನೇ ಹಿಡಿಯಬೇಕೆಂಬುದು ಮಾತ್ರ ನಿಯಮ. ಒಂದು ಕೋಣೆ ಛಾಯಾಚಿತ್ರ, ಇನ್ನೊಂದು ಬಣ್ಣದ ಚಿತ್ರ, ಅದರ ಮೇಲೆ ಚುಕ್ಕೆಯ ನಾಯಕ ಎಂದಾದರೆ, ಒಂದೊಂದೂ ಅಂದವಾಗಿದ್ದರೂ ಒಟ್ಟು ನೋಟ ಕೆಡುವುದು.

ಸಂಜೆಗಳ ಲೆಕ್ಕ

ಈಗ ಅತಿಮುಖ್ಯವಾದ ವಿಷಯಕ್ಕೆ ಬರೋಣ. ಮನೆ ಕಟ್ಟಿಸುವವನು ಇಟ್ಟಿಗೆಯ ಲೆಕ್ಕ ಹಾಕದೆ ತಳಪಾಯ ತೋಡುವುದಿಲ್ಲ. ಆಟ ಕಟ್ಟುವವನೂ ಚಿತ್ರಗಳ ಲೆಕ್ಕವನ್ನು ಮೊದಲು ಹಾಕತಕ್ಕದ್ದು. ಉದಾಹರಣೆಗೆ, ಹತ್ತು ಕೋಣೆ, ಒಬ್ಬ ನಾಯಕ, ಮೂರು ಇತರ ಪಾತ್ರ, ಇಪ್ಪತ್ತು ವಸ್ತು ಇರುವ ಒಂದು ಸಣ್ಣ ಆಟವನ್ನು ತೆಗೆದುಕೊಳ್ಳೋಣ. ಕೋಣೆಗೆ ನಾಲ್ಕು ಸಂಜೆಯಂತೆ ೪೦ ಸಂಜೆಗಳು. ನಾಯಕನ ನಡಗೆಗೆ ೨೪ ಚಿತ್ರ, ಮಾತಿಗೆ ೯, ಕೈಚಾಚಿ ಎತ್ತುವುದಕ್ಕೆ ೯, ಒಟ್ಟು ೪೨. ಇತರ ಮೂವರು ನಿಂತಲ್ಲೇ ಇದ್ದರೂ ತಲಾ ಎಂಟರಂತೆ ೨೪. ವಸ್ತುಗಳು ಕೋಣೆಯಲ್ಲಿ ಒಂದು, ಚೀಲದಲ್ಲಿ ಒಂದು ರೂಪವೆಂದು ೪೦. ಬಾಗಿಲು, ಪೆಟ್ಟಿಗೆ, ದೀಪಗಳ ಬದಲಾವಣೆಗೆ ೧೫. ಹೀಗೆ ಸಣ್ಣ ಚಿತ್ರಗಳು ೧೨೧. ಸಂಜೆಗೆ ನಾಲ್ಕರಂತೆ ಸುಮಾರು ೩೦ ಸಂಜೆಗಳು. ಒಟ್ಟು ೭೦. ವಾರಕ್ಕೆ ಮೂರು ಸಂಜೆ ಬಿಡುವು ದೊರೆಯುವವನಿಗೆ ಐದು ತಿಂಗಳಿಗೂ ಮೀರಿದ ಕೆಲಸವಿದು. ಜ್ವರ, ಪರೀಕ್ಷೆ, ಮದುವೆ ಮುಂಜಿಗಳನ್ನು ಇದರಲ್ಲಿ ಸೇರಿಸಿಲ್ಲ.

ಲೆಕ್ಕ ಕಾಗದದ ಮೇಲಿದ್ದರೆ ವಿವೇಕವೂ ಜೊತೆಯಲ್ಲಿರುವುದು. 'ಇನ್ನೈದು ಕೋಣೆ ಸೇರಿಸಿದರೆ ಕಥೆ ಸೊಗಸಾಗುವುದು' ಎಂಬ ಆಸೆ ಹುಟ್ಟಿದಾಗ, ಅದರ ಬೆಲೆ ಇಪ್ಪತ್ತು ಸಂಜೆ ಎಂದು ಕಣ್ಣಿಗೆ ಕಾಣುವುದು. ಆಗ ಆಸೆ ತಾನಾಗಿಯೇ ತಗ್ಗಿ, ಇರುವ ಹತ್ತು ಕೋಣೆಗಳಲ್ಲಿ ಕಥೆಯನ್ನು ಸೊಗಸುಗೊಳಿಸುವ ಉಪಾಯ ಹೊಳೆಯುವುದು. ಹವ್ಯಾಸಿಗಳ ಬಳಗದಲ್ಲಿ ಒಂದೇ ತಿಂಗಳಲ್ಲಿ ಒಂದು ಆಟ ಮುಗಿಸುವ ಸ್ಪರ್ಧೆಗಳು ನಡೆಯುವುದೂ ಈ ಅಭ್ಯಾಸಕ್ಕಾಗಿಯೇ. ಡೇವ್ ಗಿಲ್ಬರ್ಟ್ ಎಂಬವರು ೨೦೦೬ರಲ್ಲಿ ಅಂತಹ ಒಂದು ತಿಂಗಳ ಸ್ಪರ್ಧೆಗೆಂದು ರಚಿಸಿದ 'ದಿ ಶಿವಾ' ಎಂಬ ಆಟವೇ ಮುಂದೆ ಅವರ ಜೀವನೋಪಾಯಕ್ಕೆ ತಳಹದಿಯಾಯಿತು. ಅದರ ನಾಯಕನು ನ್ಯೂಯಾರ್ಕಿನ ಒಬ್ಬ ಯಹೂದಿ ಧರ್ಮಗುರು. ಕೋಣೆಗಳು ಬಹಳ ಕೆಲವು.

ಇನ್ನೊಂದು ಜಾಣತನವೆಂದರೆ ಮೊದಲು ಇಡೀ ಆಟವನ್ನು ಒಡ್ಡು ಚಿತ್ರಗಳಿಂದಲೇ ಆಡುವಂತೆ ಮಾಡುವುದು. ಬಾಗಿಲಿಗೆ ಒಂದು ಚೌಕ, ನಾಯಕನಿಗೆ ಒಂದು ಕಡ್ಡಿಯ ಬೊಂಬೆ ಸಾಕು. ಹೀಗೆ ಆಡಿ ನೋಡಿದಾಗ ಯಾವ ಕೋಣೆ ಬೇಕು, ಯಾವುದು ಬೇಡ ಎಂಬುದು ಗೊತ್ತಾಗುವುದು. ಅಂದವಾದ ಚಿತ್ರವನ್ನು ಮೊದಲೇ ಬರೆದುಬಿಟ್ಟರೆ, ಬೇಡವೆಂದು ತಿಳಿದ ಮೇಲೂ ಅದನ್ನು ಬಿಡಲು ಮನಸ್ಸು ಬಾರದು. ಕಥೆಯೇ ಚಿತ್ರಕ್ಕಾಗಿ ವಕ್ರವಾಗುವುದು.

ಗೆಳೆತನದ ಮಾತು

ಬಹುಸಾರಿ ಒಬ್ಬನು ಕಥೆ ಬರೆಯುವನು, ಇನ್ನೊಬ್ಬನು ಚಿತ್ರ ಬರೆಯುವನು. ಇಬ್ಬರಿಗೂ ಹಣವಿಲ್ಲ, ಗೆಳೆತನವೇ ಸಂಬಳ. ಮೇಲಿನ ಲೆಕ್ಕವನ್ನು ನೋಡಿದವರಿಗೆ ಭಾರವು ಯಾರ ಹೆಗಲಿನ ಮೇಲೆ ಹೆಚ್ಚಾಗಿ ಬೀಳುವುದೆಂದು ಹೇಳಬೇಕಾದುದಿಲ್ಲ. 'ನಾಯಕನು ಈಗ ಕುದುರೆ ಹತ್ತುವನು' ಎಂದು ಕಥೆಗಾರನು ಹೊಸದಾಗಿ ಒಂದು ಸಾಲು ಬರೆದರೆ, ಕುದುರೆಯ ನಾಲ್ಕು ಕಾಲುಗಳ ಓಟವನ್ನು ಬರೆಯುವವನು ಗೆಳೆಯನೇ. ಇಂತಹ ಕೆಲವು ಸಾಲುಗಳಿಂದ ಆಟವೂ ನಿಂತು, ಮಾತುಕತೆಯೂ ನಿಂತುಹೋಗಬಹುದು. ಆದುದರಿಂದ ಆರಂಭದಲ್ಲಿಯೇ ಇಬ್ಬರೂ ಕುಳಿತು ಚಿತ್ರಗಳ ಪಟ್ಟಿಯನ್ನು ಬರೆದು, ಪಟ್ಟಿ ಬೆಳೆಯಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕೆಂದು ಗೊತ್ತುಮಾಡಿಕೊಳ್ಳುವುದು ಉಚಿತ. ಆಟದ ಮೊದಲಲ್ಲಿ ಚಿತ್ರಕಾರನ ಹೆಸರು ಕಥೆಗಾರನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರಬೇಕು.

ಹೊರೆಯನ್ನು ತಪ್ಪಿಸಿಕೊಳ್ಳಲು ಬೇರೆಯವರ ಆಟಗಳಿಂದ ಚಿತ್ರಗಳನ್ನು ಎತ್ತಿಕೊಳ್ಳುವ ದುರಭ್ಯಾಸವೂ ಕೆಲವರಲ್ಲಿದೆ. ಕೇಳದೆ ತಂದ ಹೂವಿನಿಂದ ಮಾಡಿದ ಪೂಜೆಯಂತೆ ಅದು. ಯಾರು ಬೇಕಾದರೂ ಬಳಸಬಹುದೆಂದು ಬರೆದವರೇ ಬಿಟ್ಟುಕೊಟ್ಟ ಚಿತ್ರಗಳು ಬೇಕಾದಷ್ಟಿವೆ. ಅವನ್ನು ಹೆಸರು ಹೇಳಿ ಬಳಸಬಹುದು. ಮಾತಿನಲ್ಲಿ ಕೇಳಿದರೆ ಚಿತ್ರ ಕೊಡುವ ಯಂತ್ರಗಳೂ ಈಗ ಬಂದಿವೆ. ಅವು ಒಂದು ಕೋಣೆಯನ್ನು ಬೆರಗಾಗುವಂತೆ ಕೊಡಬಲ್ಲುವು. ಆದರೆ ಬೀಗದ ಕೈ ಎಲ್ಲಿರಬೇಕು, ಕಣ್ಣು ಎತ್ತ ಹೋಗಬೇಕು, ಮೇಜಿನ ಗೆರೆ ಎಲ್ಲಿ ಬೀಳಬೇಕು ಎಂಬ ಯೋಚನೆ ಕಟ್ಟುವವನದೇ. ಆ ಯೋಚನೆಯನ್ನು ಬಿಟ್ಟವನಿಗೆ ಚಿತ್ರ ದೊರೆತರೂ ವಿದ್ಯೆ ದೊರೆಯದು. ಅಂತಹ ಯಂತ್ರದ ಸಹಾಯ ಪಡೆದವರು ಅದನ್ನು ಆಡುವವರಿಗೆ ತಿಳಿಸುವುದೂ ಧರ್ಮ.

ಆರಂಭಿಸುವವರಿಗೆ

ಉಪಕರಣಗಳಿಗಾಗಿ ಹಣ ಸುರಿಯಬೇಕಾದುದಿಲ್ಲ. 'ಗಿಂಪ್', 'ಕ್ರಿಟಾ' ಮುಂತಾದ ಚಿತ್ರ ಬರೆಯುವ ಸಾಧನಗಳು ಬೆಲೆಯಿಲ್ಲದೆ ದೊರೆಯುವುವು. ಮನೆಯಲ್ಲಿ ಸಾಧಾರಣವಾದ ಒಂದು ಕಂಪ್ಯೂಟರು, ಒಂದು ಪೆನ್ಸಿಲು, ಚೌಕುಳಿಯ ಒಂದು ಲೆಕ್ಕದ ಪುಸ್ತಕ ಇದ್ದರೆ ಸಾಕು.

ಮೊದಲ ಕೃತಿಗೆ ರಾಜರ ಕೋಟೆಯನ್ನೂ ಬೇರೆ ಗ್ರಹಗಳನ್ನೂ ಆರಿಸಬಾರದೆಂದು ನಾವು ಕಿರಿಯರಿಗೆ ಹೇಳುವೆವು. ತಮ್ಮ ಮನೆಯ ನಡುಮನೆಯನ್ನೇ ಬರೆಯಲಿ. ಬೆಳಕು ಯಾವ ಕಿಟಕಿಯಿಂದ ಬರುವುದು, ಅಜ್ಜಿಯ ಎಲೆಯಡಿಕೆಯ ತಟ್ಟೆ ಎಲ್ಲಿರುವುದು, ಕಪಾಟಿನ ಯಾವ ಬಾಗಿಲು ಸರಿಯಾಗಿ ಮುಚ್ಚದು ಎಂಬುದನ್ನು ಅವರು ಬಲ್ಲರು. ಒಂದು ಕೋಣೆ, ಒಬ್ಬ ನಾಯಕ, ಮೂರು ವಸ್ತು. ಅಜ್ಜಿಯ ಕನ್ನಡಕ ಕಳೆದಿದೆ, ಹುಡುಕಿಕೊಡಬೇಕು. ಹತ್ತು ಹನ್ನೆರಡು ಸಂಜೆಗಳಲ್ಲಿ ಇದು ಮುಗಿಯುವುದು.

ಮುಗಿದ ದಿನ ಮನೆಯ ಹಿರಿಯರು ಒಂ‍ದು ಉಪಕಾರ ಮಾಡಬೇಕು. ಮೌಸನ್ನು ತಾವೇ ಹಿಡಿದು, ಕಿರಿಯರ ಸಹಾಯವನ್ನು ಕೇಳದೆ, ಆ ಆಟವನ್ನು ಕೊನೆಯವರೆಗೆ ಆಡಬೇಕು. ಅವರು ಎಲ್ಲಿ ತಡವರಿಸಿದರೆಂಬುದನ್ನು ಬರೆದ ಮಗನೋ ಮಗಳೋ ಹಿಂದೆ ನಿಂತು ಸುಮ್ಮನೆ ನೋಡಿ ಗುರುತು ಹಾಕಿಕೊಳ್ಳಲಿ. ಎರಡನೆಯ ಕೋಣೆಯನ್ನು ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.